ಕರೆಯದೆ ಬರುವ ನೆನಪು

ತಾಯಿಯ ಅಂತ್ಯಕಾಲದಲ್ಲಿ ಬಳಿಯಿರಲಾಗದ ಮಗನಿಗೆ ಆಸ್ಪತ್ರೆಯ ಹಸಿರು ಪರದೆ, ಔಷಧದ ವಾಸನೆ, ಬರಿದಾದ ಮಂಚ ವರ್ಷಗಳು ಕಳೆದರೂ ಕಣ್ಣಮುಂದೆ ನಿಲ್ಲುವುದುಂಟು. ಅವನು ನೆನೆಯಲೆಂದು ಕುಳಿತವನಲ್ಲ; ಊಟದ ಎಲೆಯ ಮುಂದೆ, ಅಂಗಡಿಯ ಲೆಕ್ಕದ ನಡುವೆ, ಬಸದಿಯಲ್ಲಿ ಅಭಿಷೇಕ ನಡೆಯುತ್ತಿರುವಾಗಲೇ ಅದು ಒಳನುಗ್ಗುತ್ತದೆ. ಮನೆಯ ಹಿರಿಯರದು ಒಂದೇ ಮಾತು: “ಅದನ್ನೆಲ್ಲ ಮರೆತುಬಿಡಪ್ಪ.” ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ಪಥ್ಯವಲ್ಲ, ಅನೇಕ ವೇಳೆ ಅಪಥ್ಯ.

1987ರಲ್ಲಿ ಅಮೆರಿಕೆಯ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವು ವಿದ್ಯಾರ್ಥಿಗಳಿಗೆ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆಯ ಸದ್ದು ನಿಲ್ಲಲಿಲ್ಲ. ಅನಂತರ ನೆನೆಯಲು ಅನುಮತಿಯಿತ್ತಾಗ, ಮೊದಲಿಂದಲೇ ನೆನೆಯಲು ಬಿಟ್ಟವರಿಗಿಂತ ಹೆಚ್ಚು ಸಲ ಇವರಿಗೆ ಕರಡಿ ನೆನಪಾಯಿತು. ನಿರುಪದ್ರವಿ ಕರಡಿಯ ಪಾಡೇ ಹೀಗಾದರೆ ಮೃತ್ಯುಶಯ್ಯೆಯ ಚಿತ್ರದ ಪಾಡೇನು!

ಇಂಥ ನೆನಪು ಯುದ್ಧ, ಅಪಘಾತಗಳಿಗೆ ಸಿಲುಕಿದವರ ಬಾಧೆ ಮಾತ್ರವಲ್ಲ. ಖಿನ್ನತೆಯ ರೋಗಿಗಳಲ್ಲಿಯೂ ಅದು ವಿಪುಲವೆಂದು ಇಂಗ್ಲೆಂಡಿನ ಕ್ರಿಸ್ ಬ್ರೂಯಿನ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದರು. ಬಂಧುಗಳ ಮರಣ, ಕಾಯಿಲೆ, ಮುರಿದ ಸಂಬಂಧಗಳೇ ಆ ನೆನಪುಗಳ ವಸ್ತು. ನೆನಪಿನ ನುಗ್ಗಾಟವೂ ಅದನ್ನು ದೂರವಿಡುವ ಹೆಣಗಾಟವೂ ಹೆಚ್ಚಿದ್ದವರಲ್ಲಿ ಆರು ತಿಂಗಳ ಅನಂತರವೂ ಖಿನ್ನತೆ ಹೆಚ್ಚಾಗಿಯೇ ಇತ್ತು. 2006ರಲ್ಲಿ ಪ್ರಕಟವಾದ, ಆಸ್ಟ್ರೇಲಿಯದ ಸ್ಟಾರ್ ಮತ್ತು ಮೋಲ್ಡ್ಸ್ ಅವರ ಅಧ್ಯಯನ ಮತ್ತೊಂದು ಎಳೆಯನ್ನು ಹಿಡಿಯಿತು: ನೆನಪಿಗೆ ವ್ಯಕ್ತಿ ಕೊಡುವ ಅರ್ಥಕ್ಕೂ ಖಿನ್ನತೆಗೂ ನಂಟಿದೆ. ‘ಇದು ಬರುತ್ತಿದೆಯೆಂದರೆ ನನ್ನಲ್ಲೇ ಏನೋ ಕೆಟ್ಟಿದೆ’ ಎಂಬ ಓದು ಭಾರವನ್ನು ಇಮ್ಮಡಿಸುತ್ತದೆ.

ಶ್ರಾವಕನ ಮನೆಯಲ್ಲಿ ಈ ಓದಿಗೆ ಧರ್ಮದ ಭಾಷೆಯೂ ಸಿಕ್ಕಿಬಿಡುತ್ತದೆ: ಅಶುಭ ಕರ್ಮದ ಉದಯ, ಭಕ್ತಿಯ ಕೊರತೆ, ಆರ್ತಧ್ಯಾನ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ತಾಳ್ಮೆಯಿಂದ ನೋಡಿದರೆ, ಅಪ್ರಿಯವಾದುದು ಒದಗಿದಾಗ ಅದನ್ನು ತೊಲಗಿಸುವ ಚಿಂತೆಯಲ್ಲೇ ಮನಸ್ಸು ಮರಳಿ ಮರಳಿ ಸುತ್ತುವುದಕ್ಕೆ ಆ ಹೆಸರಿದೆ. ನೆನಪು ಉದಿಸುವುದು ಬೇರೆ, ಅದರೊಡನೆ ಗುದ್ದಾಡುವುದು ಬೇರೆ ಎಂಬ ಸೂಕ್ಷ್ಮ ಅಲ್ಲಿಯೇ ಅಡಗಿದೆ. ಹಾಗೆಂದು ಶಾಸ್ತ್ರದ ಆರ್ತಧ್ಯಾನವೂ ವೈದ್ಯರ ಖಿನ್ನತೆಯೂ ಒಂದೇ ಅಲ್ಲ. ನೊಂದವನ ಮುಂದೆ ಆ ಪದವನ್ನು ಬೈಗುಳದಂತೆ ಎಸೆಯುವುದು ವಚನದಿಂದ ಮಾಡಿದ ಹಿಂಸೆಯೇ ಸರಿ.

ಚಿಕಿತ್ಸಕರು ನೆನಪನ್ನು ಅಳಿಸಲು ಹೊರಡುವುದಿಲ್ಲ. ಅವರ ಒಂದು ವಿಧಾನದಲ್ಲಿ ರೋಗಿಯು ಆ ದೃಶ್ಯವನ್ನು ಸುರಕ್ಷಿತವಾಗಿ ಮತ್ತೆ ಕಲ್ಪಿಸಿಕೊಂಡು, ಅಂದು ಆಡಲಾಗದ ಮಾತನ್ನು ಅದರೊಳಗೆ ಆಡುತ್ತಾನೆ. ಮಗನು ಮಂಚದ ಬಳಿ ಕುಳಿತು ತಾಯಿಯ ಕೈಹಿಡಿಯಬಹುದು. ಬ್ರೂಯಿನ್ ತಂಡ 2009ರಲ್ಲಿ ಹತ್ತು ರೋಗಿಗಳ ಮೇಲೆ ಇದನ್ನು ನಡೆಸಿದಾಗ ಏಳು ಮಂದಿ ಸುಧಾರಿಸಿದರು. ಹತ್ತು ಜನರ ಲೆಕ್ಕ ಚಿಕ್ಕದು, ಅದನ್ನು ಮರೆಯಬಾರದು.

ನಿದ್ರೆ, ಆಹಾರ ಕೆಟ್ಟು ಎರಡು ವಾರ ಕಳೆದರೆ, ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ ಸಾಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಬಸದಿಗಳ ಸೂಚನಾಫಲಕದಲ್ಲಿ, ಪೂಜೆಯ ವೇಳಾಪಟ್ಟಿಯ ಕೆಳಗೆ, ಈ ಐದು ಅಂಕಿಗಳಿಗೆ ಬೇಕಾದಷ್ಟು ಸ್ಥಳವಿದೆ.