ಎರಡನೆಯ ಡಿಕಾಕ್ಷನ್

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ ಕುಳ್ಳಿರಿಸಿ, ಬೆಲ್ಲದ ತುಂಡಿನೊಡನೆ ನೀರಿನ ತಂಬಿಗೆಯನ್ನು ಮುಂದಿರಿಸುವುದು ನಮ್ಮ ಹಿರಿಯರ ಸತ್ಕಾರದ ಮೊದಲ ಹೆಜ್ಜೆಯಾಗಿತ್ತು. ಮಜ್ಜಿಗೆ, ಪಾನಕ, ಕಷಾಯಗಳು ಋತುಮಾನಕ್ಕೆ ತಕ್ಕಂತೆ ಅದನ್ನು ಹಿಂಬಾಲಿಸುತ್ತಿದ್ದವು. ಇಂದು ಆ ಸ್ಥಾನವನ್ನು ಒಂದು ಪ್ರಶ್ನೆ ಆಕ್ರಮಿಸಿಕೊಂಡಿದೆ: “ಕಾಫಿಯೋ, ಟೀಯೋ?” ಈ ಪ್ರಶ್ನೆಯನ್ನು ಕೇಳದ ಮನೆ ನಾಡಿನಲ್ಲಿ ವಿರಳ; ಕೇಳದೆ ಕಳುಹಿಸಿದರೆ ಬಂದವರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೂ ಉಂಟು. ಮದುವೆಯ ಮಾತುಕತೆ, ಜಮೀನಿನ ವ್ಯವಹಾರ, ಮುನಿದ ನೆಂಟರ ರಾಜಿ ಎಲ್ಲವೂ ಒಂದು ಲೋಟದ ಸುತ್ತಲೇ ನಡೆಯುತ್ತವೆ. ವ್ಯಾಕರಣ ಛಂದಸ್ಸುಗಳನ್ನು ಬೋಧಿಸುವ ಪಂಡಿತನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ದಿನಕ್ಕೆರಡು ಬಾರಿ ತಪ್ಪದೆ ನಡೆಯುವ ಕ್ರಿಯೆಯಲ್ಲಿ ಸಮಾಜದ ಗುಣದೋಷಗಳು ಅಚ್ಚೊತ್ತಿರುತ್ತವೆಂಬ ನಂಬಿಕೆಯಿಂದ ಈ ಬರಹಕ್ಕೆ ತೊಡಗಿದ್ದೇನೆ.

ಪಂಡಿತನ ಚಾಳಿಯಂತೆ ಮೊದಲು ಪದಗಳನ್ನೇ ನೋಡೋಣ. ಎರಡೂ ಅನ್ಯದೇಶ್ಯಗಳು. ಅರಬ್ಬಿಯ ‘ಕಹ್ವಾ’ ಎಂಬುದು ತುರ್ಕಿಯಲ್ಲಿ ‘ಕಹ್ವೆ’ಯಾಗಿ, ಯೂರೋಪಿನ ನುಡಿಗಳನ್ನು ಹಾದು, ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ‘ಕಾಫಿ’ಯಾಗಿ ಬಂದಿತು. ನಮ್ಮ ಹಳ್ಳಿಗರು ಅದನ್ನು ‘ಕಾಪಿ’ ಎಂದು ಕನ್ನಡದ ನಾಲಗೆಗೆ ಒಗ್ಗಿಸಿಕೊಂಡರು. ಅದನ್ನು ಅಶುದ್ಧವೆಂದು ನಗುವ ಪಟ್ಟಣಿಗರು, ತಾವು ಉಚ್ಚರಿಸುವ ಫಕಾರವೂ ನಮ್ಮ ವರ್ಣಮಾಲೆಯ ಮಹಾಪ್ರಾಣವಲ್ಲವೆಂಬುದನ್ನು ಮರೆಯುತ್ತಾರೆ. ಇನ್ನು ‘ಚಹಾ’, ‘ಟೀ’ ಎಂಬಿವು ಒಂದೇ ಗಿಡದ ಎರಡು ಹೆಸರುಗಳು. ಚೀನದ ಬಹುಭಾಗದಲ್ಲಿ ಅದನ್ನು ‘ಚಾ’ ಎಂದೂ, ಫೂಜಿಯನ್ ಕರಾವಳಿಯಲ್ಲಿ ‘ತೆ’ ಎಂದೂ ಕರೆಯುತ್ತಾರೆ. ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋದದ್ದು ಎರಡನೆಯ ರೂಪ. ಅದೇ ಇಂಗ್ಲಿಷರ ‘ಟೀ’. ಮರಾಠಿಯೊಡನೆ ನಾವು ಹಂಚಿಕೊಂಡಿರುವ ‘ಚಹಾ’ ಮೊದಲಿನದರ ಸಂತತಿ. ಹುಬ್ಬಳ್ಳಿಯ ಚಹವೂ ಮೈಸೂರಿನ ಟೀಯೂ ಹೀಗೆ ದಾಯಾದಿಗಳು; ಎರಡೂ ಒಂದೇ ಕನ್ನಡದ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತಿವೆ.

ನಾನು ಹುಟ್ಟಿ ಬೆಳೆದದ್ದು ಹಾಸನ ಸೀಮೆಯಲ್ಲಿ. ಆದುದರಿಂದ ನನ್ನ ಮೊದಲ ಪರಿಚಯ ಕಾಫಿಯೊಡನೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಐತಿಹ್ಯ. ಆ ಗಿರಿ ಇಂದಿಗೂ ಅವರ ಹೆಸರಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ದೊಡ್ಡ ತೋಟಗಳ ಬೆಳೆಯಾಯಿತು. 1925ರಲ್ಲಿ ಬಾಳೆಹೊನ್ನೂರಿನ ಸಮೀಪದಲ್ಲಿ ಸ್ಥಾಪನೆಯಾದ ಕಾಫಿ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಒಂದು ಹದವಾದ ಮಳೆ ಬಿದ್ದು ಕೆಲವು ದಿನಗಳಾದೊಡನೆ ತೋಟಕ್ಕೆ ತೋಟವೇ ಬೆಳ್ಳಗೆ ಹೂತು ಮಲ್ಲಿಗೆಯಂತೆ ಕಂಪು ಬೀರುವುದನ್ನು ಕಂಡವರು ಮರೆಯಲಾರರು. ಆದರೆ ಬೆಳೆಯ ಹೆಚ್ಚಿನ ಪಾಲು ಸಾಗುವುದು ಹೊರದೇಶಗಳಿಗೆ. ನಮ್ಮ ಮನೆಗೆ ಬರುತ್ತಿದ್ದುದು ಸಂತೆಯ ಅಗ್ಗದ ಬೀಜ. ಅದನ್ನು ಬಾಣಲೆಯಲ್ಲಿ ಹುರಿದು, ಕೈಯಂತ್ರದಲ್ಲಿ ತಿರುವಿ, ಬೆಲ್ಲ ಬೆರೆಸಿ ಕುಡಿಯುತ್ತಿದ್ದೆವು. ಕೈ ಬಿಗಿಯಾದಾಗ ಚಿಕೋರಿಯ ಪ್ರಮಾಣ ಏರುತ್ತಿತ್ತು. ಹುರಿದ ಆ ಬೇರಿನ ಪುಡಿಯಲ್ಲಿ ಕಾಫಿಯ ಉತ್ತೇಜಕ ಸತ್ತ್ವವಿಲ್ಲ; ಬಣ್ಣವೂ ಮಂದತೆಯೂ ಮಾತ್ರ ಉಂಟು. ಬಡತನವು ತನ್ನ ಮಾನವನ್ನು ಬಣ್ಣದಿಂದಲಾದರೂ ಕಾಪಾಡಿಕೊಳ್ಳುತ್ತಿತ್ತು.

ಹಿತ್ತಾಳೆಯ ಫಿಲ್ಟರು ನಮ್ಮ ಮನೆಗೆ ಬಂದದ್ದು ತಡವಾಗಿ. ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹದವಾಗಿ ಒತ್ತಿ ಕುದಿನೀರೆರೆದರೆ, ಡಿಕಾಕ್ಷನ್ ಕೆಳಗಿನ ಪಾತ್ರೆಗೆ ಹನಿಹನಿಯಾಗಿ ಇಳಿಯುತ್ತದೆ. ಹೀಗೆ ಇಳಿದುದು ಮೊದಲನೆಯದು: ದಟ್ಟವಾದುದು, ಪರಿಮಳವುಳ್ಳುದು. ಅದೇ ಚರಟಕ್ಕೆ ಮತ್ತೆ ನೀರೆರೆದರೆ ಬರುವುದು ಎರಡನೆಯದು. ಬಣ್ಣ ತೆಳು, ರುಚಿ ಕಹಿ. ಯಾವ ಸ್ಮೃತಿಯಲ್ಲಿಯೂ ಬರೆಯದಿದ್ದರೂ ಇವುಗಳ ಹಂಚಿಕೆಗೆ ಒಂದು ಕಟ್ಟುನಿಟ್ಟಾದ ವಿಧಿಯಿತ್ತು. ಮೊದಲನೆಯದು ಅತಿಥಿಗಳಿಗೆ, ಅಜ್ಜನಿಗೆ, ತಂದೆಗೆ, ಪರೀಕ್ಷೆಗೆ ಓದುವ ಗಂಡುಮಕ್ಕಳಿಗೆ. ಎರಡನೆಯದು ಹೆಂಗಸರಿಗೆ ಮತ್ತು ಮನೆಯ ಕೆಲಸದವರಿಗೆ. ಒಲೆಯ ಮುಂದೆ ಕುಳಿತು ಎಲ್ಲರಿಗೂ ಕಾಫಿ ಬೆರೆಸಿ ಕೊಡುತ್ತಿದ್ದ ನನ್ನ ತಾಯಿ ಕೊನೆಯಲ್ಲಿ ಆ ತೆಳು ಕಾಫಿಯನ್ನು ಆರಿಸಿಕೊಂಡು ಕುಡಿಯುತ್ತಿದ್ದಳು. ಕೇಳಿದರೆ, “ನಂಗೇನು ಮಗಾ, ಎರಡನೇದೇ ಹದವಾಗಿರ್ತದೆ” ಎನ್ನುತ್ತಿದ್ದಳು. ನಮ್ಮ ಮನೆಗಳಲ್ಲಿ ಅಭಿರುಚಿಯೆಂದು ಕರೆಯಿಸಿಕೊಳ್ಳುವುದರಲ್ಲಿ ಎಷ್ಟು ಭಾಗ ನಿಜವಾದ ಇಷ್ಟ, ಎಷ್ಟು ಭಾಗ ಅಭ್ಯಾಸಬಲದಿಂದ ಒಪ್ಪಿಕೊಂಡ ಪಾಲು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ.

ಪಾಠಶಾಲೆಯ ವಿದ್ಯಾಭ್ಯಾಸ ಮುಗಿಸಿ, ಪರೀಕ್ಷೆಗಳನ್ನು ದಾಟಿ, ಧಾರವಾಡ ಸೀಮೆಯ ಈ ಶಾಲೆಗೆ ಅಧ್ಯಾಪಕನಾಗಿ ಬಂದಾಗ ನನಗೆ ಎದುರಾದುದು ಬೇರೊಂದು ಪಾನಲೋಕ. ಇಲ್ಲಿ ಬೆಳಗಾಗುವುದು ಚಹದಿಂದ. ಅಲ್ಲ ಜಜ್ಜಿ ಹಾಕಿ ಖಡಕ್ಕಾಗಿ ಕುದಿಸಿ, ಸಕ್ಕರೆಯನ್ನು ಕೈ ಬಿಚ್ಚಿ ಸುರಿದ ಚಹವನ್ನು ಕಪ್ಪಿನಿಂದ ಬಸಿಗೆ ಬಗ್ಗಿಸಿ, ಸದ್ದು ಮಾಡುತ್ತ ಹೀರುವ ಸುಖವನ್ನು ಕಂಡು ಹೊಸಬನಾದ ನಾನು ಬೆರಗಾದೆ. “ಪಂಡಿತರ, ಕಾಫಿ ಕುಡದು ಏನ್ ಪಾಠ ಮಾಡ್ತೀರಿ? ಇದನ್ನ ತಗೋರಿ, ದನಿ ಏರತೈತಿ” ಎಂದು ಶಾಲೆಯ ಹಿರಿಯ ಜವಾನರು ಮೊದಲ ದಿನವೇ ಬಸಿಯನ್ನು ಕೈಗಿತ್ತರು. ದನಿ ಏರಿತೋ ಇಲ್ಲವೋ ವಿದ್ಯಾರ್ಥಿಗಳೇ ಹೇಳಬೇಕು. ನಾನಂತೂ ಮೂರು ತಿಂಗಳೊಳಗಾಗಿ ಚಹದವನಾದೆ.

ಈ ಚಹದ ಪ್ರಾಬಲ್ಯವೂ ಪ್ರಾಚೀನವೇನಲ್ಲ. ಅಸ್ಸಾಮಿನ ಕಾಡಿನಲ್ಲಿ ಈ ಗಿಡವಿರುವ ಸಂಗತಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನ ವರ್ತಕನಿಗೆ ತಿಳಿದದ್ದು 1823ರಲ್ಲಿ. ಬಹುಕಾಲ ನಮ್ಮ ನೆಲದ ಚಹ ಪರದೇಶದವರ ಪಾನೀಯವಾಗಿತ್ತು. 1903ರಲ್ಲಿ ಚಹದ ರಫ್ತಿನ ಮೇಲೆ ತೆರಿಗೆ ವಿಧಿಸಿ, ಆ ಹಣದಿಂದ ಪ್ರಚಾರ ಮಾಡುವ ಏರ್ಪಾಡಾಯಿತು. ರೈಲು ನಿಲ್ದಾಣಗಳಲ್ಲಿ ಫಲಕಗಳು ಎದ್ದವು. ಊರೂರುಗಳಲ್ಲಿ ಕುದಿಸಿ ಕುಡಿಸಿ ತೋರಿಸುವವರು ಬಂದರು. 1930ರ ದಶಕದಲ್ಲಿ ಎಲೆಯನ್ನು ಅರೆದು, ಹರಿದು, ಕಾಳಾಗಿ ಸುರುಳಿಸುವ ಯಂತ್ರ ಬಳಕೆಗೆ ಬಂದಿತು. ಸಿ.ಟಿ.ಸಿ. ಎಂಬ ಹೆಸರಿನ ಆ ಕಾಳುಚಹ ಸ್ವಲ್ಪದರಲ್ಲಿ ಗಾಢವಾದ ಬಣ್ಣ ಬಿಡುತ್ತದೆ. ಚಿಟಿಕೆ ಪುಡಿಯಲ್ಲಿ ನಾಲ್ವರಿಗೆ ಚಹವಾಗುವಂತಾದಾಗ ಅದು ಕೂಲಿಯವನ ಗುಡಿಸಲನ್ನೂ ಹೊಕ್ಕಿತು.

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಎರಡು ಪಕ್ಷಗಳ ವಾದ ಇಂದಿಗೂ ಮುಗಿದಿಲ್ಲ. ಕಾಫಿಯ ಪಕ್ಷದವರು ಪರಿಮಳವನ್ನು ಮುಂದಿಡುತ್ತಾರೆ. ಚಹದ ಪಕ್ಷದವರು ಮಿರ್ಚಿ ಚುರುಮುರಿಗಳೊಡನೆ ಕಾಫಿ ಹೊಂದುವುದೇ ಎಂದು ಸವಾಲೆಸೆಯುತ್ತಾರೆ. ಗಾಂಧೀಜಿಯವರು 1942ರಲ್ಲಿ ಆಗಾ ಖಾನ್ ಅರಮನೆಯ ಬಂಧನದಲ್ಲಿದ್ದಾಗ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಕಾಫಿ, ಚಹ, ಕೋಕೋ ಮೂರೂ ಶರೀರಕ್ಕೆ ಅಗತ್ಯವಲ್ಲವೆಂದಿದ್ದಾರೆ ಎಂದು ನಾನು ನೆನಪಿಸಿದರೆ, ಎರಡೂ ಪಕ್ಷಗಳು ಕ್ಷಣಮಾತ್ರ ಒಂದಾಗಿ ನನ್ನ ಮೇಲೆ ಬೀಳುತ್ತವೆ. ಇದು ವಿನೋದದ ಮಾತಾಯಿತು. ಲೋಟದಲ್ಲಿರುವುದು ಯಾವುದು ಎಂಬುದಕ್ಕಿಂತ ಲೋಟ ಯಾರದು ಎಂಬುದು ಹೆಚ್ಚು ತೂಕದ ಪ್ರಶ್ನೆ.

1983ರ ಸುಮಾರಿನಲ್ಲಿ, ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ, ನೆರೆಯೂರಿನ ಖೋ ಖೋ ಪಂದ್ಯ ಮುಗಿಸಿ ನಮ್ಮ ತಂಡ ಹಿಂದಿರುಗುತ್ತಿತ್ತು. ಕೂಡುದಾರಿಯಲ್ಲಿ ಒಂದು ಗುಡಿಸಲು ಹೋಟೆಲು. ಜೊತೆಯಲ್ಲಿದ್ದ ಕನ್ನಡ ಮೇಷ್ಟ್ರು ತಮ್ಮ ಜೇಬಿನಿಂದ ಎಲ್ಲರಿಗೂ ಕಾಫಿ ಹೇಳಿದರು. ಹೋಟೆಲಿನವನು ಹುಡುಗರ ಮುಖಗಳನ್ನು ನೋಡಿ, ಯಾರು ಯಾರ ಮನೆಯವರೆಂದು ವಿಚಾರಿಸಿ, ಹೆಚ್ಚು ಚುರುಕಾಗಿ ಓಡಿ ನಮ್ಮನ್ನು ಗೆಲ್ಲಿಸಿದ್ದ ಹುಡುಗನಿಗೆ ಹೊರಗಿನ ಕಂಬದ ಗೂಡಿನಲ್ಲಿದ್ದ ಲೋಟವನ್ನು ತೊಳೆದುಕೊಂಡು ಬರುವಂತೆ ಹೇಳಿದನು. ಮೇಷ್ಟ್ರು ದನಿಯೇರಿಸಲಿಲ್ಲ. “ಎಲ್ಲರಿಗೂ ಒಂದೇ ತರದ ಲೋಟದಲ್ಲಿ ಕೊಡೋದಾದ್ರೆ ಕೊಡಪ್ಪ, ಇಲ್ಲದಿದ್ರೆ ನಮಗ್ಯಾರಿಗೂ ಬೇಡ” ಎಂದರು. ಹೋಟೆಲಿನವನು ಒಪ್ಪಲಿಲ್ಲ. ನಾವು ಹನ್ನೊಂದು ಮಂದಿ ಹಸಿದ ಹೊಟ್ಟೆಯಲ್ಲಿ ಮೂರು ಮೈಲಿ ನಡೆದೆವು. ಆ ಹುಡುಗ ಎಲ್ಲರಿಗಿಂತ ಮುಂದೆ ಒಬ್ಬನೇ ನಡೆಯುತ್ತಿದ್ದನು. ಮರುದಿನ ತರಗತಿಯಲ್ಲಿ ಮೇಷ್ಟ್ರು ಆ ವಿಷಯವನ್ನು ಎತ್ತಲಿಲ್ಲ. ಎಂದಿನಂತೆ ವಿಭಕ್ತಿಪ್ರತ್ಯಯಗಳನ್ನು ಬರೆಯಿಸಿದರು.

ಆ ವೇಳೆಗೆ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿ ಮೂರು ದಶಕಗಳು ಕಳೆದಿದ್ದವು. 15ನೆಯ ಅನುಚ್ಛೇದವು ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿಭೇದ ಕೂಡದೆಂದಿತ್ತು. 1955ರ ಕಾನೂನನ್ನು 1976ರಲ್ಲಿ ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಕರೆಯಲಾಗಿತ್ತು. ಆದರೂ ಕಂಬದ ಗೂಡಿನಲ್ಲಿ ಲೋಟವಿತ್ತು. ಈಗ ಎಲ್ಲೆಲ್ಲಿಯೂ ಕಾಗದದ ಲೋಟ ಬಂದಿದೆ. ಅನೇಕ ಕಡೆಗಳಲ್ಲಿ ಅದು ಭೇದವನ್ನು ತೊಳೆಯುವ ಬದಲು ಎಸೆದು ಮರೆಮಾಡುವ ಉಪಾಯವಾಗಿದೆಯೇನೋ ಎಂಬ ಸಂದೇಹ ನನ್ನನ್ನು ಬಾಧಿಸುತ್ತದೆ. ಏಕೆಂದರೆ ವಿದ್ಯಾವಂತರ ಮನೆಗಳ ಅಡುಗೆಮನೆಯಲ್ಲಿ, ಮನೆಗೆಲಸದವಳಿಗೆಂದು ಬೇರೆಯಾಗಿ ಕವುಚಿಟ್ಟ ಸ್ಟೀಲಿನ ಲೋಟವನ್ನು ಇಂದಿಗೂ ಕಾಣಬಹುದು.

ಕಾಫಿಯ ಚರಿತ್ರೆಯಲ್ಲಿಯೇ ಇದಕ್ಕೆ ಪ್ರತಿಯಾಗಿ ಸಮಾಧಾನ ತರುವ ಒಂದು ಅಧ್ಯಾಯವೂ ಉಂಟು. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಲೋಟ ತಂದಿಡುತ್ತಿದ್ದ ಕೈಗಳೇ ಒಡೆತನವನ್ನು ಹಂಚಿಕೊಂಡವು.

ಮನೆಯೊಳಗಿನ ಒಡೆತನದ ಮಾತು ಇನ್ನೂ ಉಳಿದಿದೆ. ಊಟದೊಡನೆ ಅಥವಾ ಊಟವಾದೊಡನೆ ಚಹ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಸರಿಯಾಗಿ ಹೀರಿಕೊಳ್ಳಲಾರದೆಂದು ವೈದ್ಯರು ಎಚ್ಚರಿಸುತ್ತಾರೆ. ರಕ್ತಹೀನತೆಯಿಂದ ಬಳಲುವವರಲ್ಲಿ ನಮ್ಮ ಹೆಣ್ಣುಮಕ್ಕಳೇ ಹೆಚ್ಚು. ಬೆಳಗಿನ ರೊಟ್ಟಿಯ ಬದಲು ಎರಡು ಕಪ್ಪು ಚಹ ಕುಡಿದು ಹೊಲಕ್ಕೆ ನಡೆಯುವ ತಾಯಂದಿರನ್ನು ಈ ಊರಿನಲ್ಲಿ ನಿತ್ಯವೂ ನೋಡುತ್ತೇನೆ. ಅವರ ಮಟ್ಟಿಗೆ ಚಹವೆಂಬುದು ರುಚಿಯಲ್ಲ, ಹಸಿವನ್ನು ಅಡಗಿಸುವ ಸಾಧನ. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಸಿಯುವ ಹುಡುಗಿಯನ್ನು ಏನು ತಿಂದು ಬಂದೆಯೆಂದು ಕೇಳಿದರೆ, “ಚಾ ಕುಡದ ಬಂದೀನ್ರಿ ಸರ್” ಎಂಬ ಉತ್ತರ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ನಮ್ಮಲ್ಲಿಗೆ ಬಂದು ಕೆಲವು ತಿಂಗಳಿದ್ದಳು. ಮೊದಲ ಬೆಳಗ್ಗೆ ನನ್ನ ಹೆಂಡತಿ ಆಗತಾನೆ ಇಳಿದ ಡಿಕಾಕ್ಷನ್ನಿನಲ್ಲಿ ಕಾಫಿ ಬೆರೆಸಿ ಎಲ್ಲರಿಗಿಂತ ಮೊದಲು ಅತ್ತೆಯ ಮುಂದಿಟ್ಟಳು. ತಾಯಿ ಲೋಟವನ್ನು ಮುಟ್ಟಲಿಲ್ಲ. ಅದರ ಬಣ್ಣವನ್ನು ನೋಡಿ, ಬಾಗಿಲ ಕಡೆ ತಿರುಗಿ, “ಯಾರು ಬಂದವ್ರೆ ಮಗಾ?” ಎಂದು ಕೇಳಿದಳು. “ಯಾರೂ ಇಲ್ಲ ಅತ್ತೆ, ನಿಮಗೇ ಅದು” ಎಂದ ಮೇಲೆಯೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕುಡಿದಳು. ಹದವಾಗಿದೆಯೆಂದೂ ಹೇಳಲಿಲ್ಲ, ಹೆಚ್ಚಾಯಿತೆಂದೂ ಹೇಳಲಿಲ್ಲ. ಮಾರನೆಯ ದಿನ ಕೇಳದೆಯೇ ಲೋಟಕ್ಕೆ ಕೈ ಚಾಚಿದಳು. ಎಪ್ಪತ್ತು ದಾಟಿದ ಮೇಲೆ ಅವಳ ಇಷ್ಟವೇನೆಂಬುದು ನಮ್ಮ ಮನೆಗೆ ತಿಳಿಯಿತು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಸಮಾರಂಭಗಳಿಗೆ ಬಂದಾಗ ಶಾಲೆಯ ಅಂಗಳದಲ್ಲಿ ಚಹ ಸ್ವೀಕರಿಸಿ ನಮ್ಮನ್ನು ಸಂತೋಷಪಡಿಸುವವರು. ಆ ದಿನ ನಸುಕಿನಲ್ಲೆದ್ದು ಒಲೆ ಹೊತ್ತಿಸಿದವರು, ಪಾತ್ರೆ ತೊಳೆದವರು, ಅಂಗಳ ಗುಡಿಸಿದವರು ಕುಡಿದರೋ ಇಲ್ಲವೋ, ಕುಡಿದಿದ್ದರೆ ಯಾವುದನ್ನು, ಯಾವ ಕಪ್ಪಿನಲ್ಲಿ ಕುಡಿದರೆಂಬುದನ್ನು ಅಧ್ಯಾಪಕರಾದ ನಾವೂ ಅತಿಥಿಗಳಾದ ತಾವೂ ಒಮ್ಮೆ ಒಳಗೆ ಹೋಗಿ ನೋಡಬೇಕೆಂಬುದು ನನ್ನ ಅರಿಕೆ. ಕಾಫಿಯೋ ಚಹವೋ ಎಂಬುದು ಅವರವರ ಇಷ್ಟಕ್ಕೆ ಸೇರಿದ್ದು. ಆ ಇಷ್ಟವನ್ನು ಎಲ್ಲರಿಂದಲೂ ಕೇಳಬೇಕಾದುದು ನಮ್ಮ ಕರ್ತವ್ಯ.