ವಿಕೆಟ್ ಇಲ್ಲದ ಬೌಲರ್‌ಗೆ ಎಷ್ಟು ಕೋಟಿ?

ಕಲ್ಯಾಣಪುರದ ನಮ್ಮ ಬಾಡಿಗೆ ಮನೆಯಲ್ಲಿ ಪ್ರತಿ ವರ್ಷ ಐಪಿಎಲ್‌ಗೆ ಮೊದಲು ಒಂದು ಹರಾಜು ನಡೀತದೆ. ಹಣ ಇಲ್ಲ ಮಾರಾಯ್ರೆ, ಎಲ್ಲ ಎಕ್ಸೆಲ್ ಶೀಟಿನ ಕೋಟಿಗಳು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ತಡೆ ಹಾಕಿತು. ನಮ್ಮಲ್ಲಿ ಮೊದಲಿಂದಲೂ ಪಣ ಒಂದೇ, ಸೋತವರು ಒಂದು ತಿಂಗಳು ಪಾತ್ರೆ ತೊಳೀಬೇಕು. ಆರು ಜನರ ಪಾತ್ರೆ ಅಂದ್ರೆ ಸಣ್ಣ ಮಾತಲ್ಲ.

ಹರಾಜಿನಲ್ಲಿ ಬ್ಯಾಟರ್‌ಗಳಿಗೆ ಕಿತ್ತಾಡಿ ಎಲ್ಲರ ಪರ್ಸ್ ಖಾಲಿ ಆಗ್ತದೆ. ಗೆಲ್ಲೋದು ಮಾತ್ರ ಕೊನೆಗೆ ಅಗ್ಗಕ್ಕೆ ಸಿಗುವ ಡೆತ್ ಬೌಲರ್‌ಗಳಿಂದ. ಅವರನ್ನು ಹುಡುಕೋದು ಹೇಗೆ?

25 ಮಾರ್ಚ್ 2025, ಅಹಮದಾಬಾದ್. ಪಂಜಾಬ್ 243 ಹೊಡೆದಿತ್ತು. ಗುಜರಾತ್‌ಗೆ 36 ಎಸೆತದಲ್ಲಿ 75 ಬೇಕು, ಕೈಯಲ್ಲಿ ಎಂಟು ವಿಕೆಟ್. ಆಗ ಇಂಪ್ಯಾಕ್ಟ್ ಪ್ಲೇಯರ್ ಆಗಿ ಬಂದದ್ದು ನಮ್ಮ ಕರ್ನಾಟಕದ ವೈಶಾಖ್ ವಿಜಯ್‌ಕುಮಾರ್. ಆಫ್ ಸ್ಟಂಪಿನಾಚೆ ವೈಡ್ ಯಾರ್ಕರ್ ಹಾಕಿ ಹಾಕಿ 15 ಮತ್ತು 17ನೇ ಓವರ್‌ಗಳಲ್ಲಿ ತಲಾ 5 ರನ್ ಕೊಟ್ಟರು. ಪಂಜಾಬ್ 11 ರನ್‌ಗಳಿಂದ ಗೆದ್ದಿತು. ಸ್ಕೋರ್‌ಕಾರ್ಡಲ್ಲಿ ನೋಡಿದ್ರೆ ಮೂರು ಓವರ್, 28 ರನ್, ವಿಕೆಟ್ ಸೊನ್ನೆ. ನಮ್ಮ ಶೀಟಿನ ಪ್ರಕಾರವೂ ಪಾಯಿಂಟ್ ಸೊನ್ನೆಯ ಹತ್ತಿರ. ಅದೇ ತಂಡದಲ್ಲಿ ಅರ್ಷ್‌ದೀಪ್‌ಗೆ 18 ಕೋಟಿ, ವೈಶಾಖ್‌ಗೆ 1.80 ಕೋಟಿ.

ಅಮೆರಿಕದ ಬೇಸ್‌ಬಾಲ್ ಫ್ಯಾಂಟಸಿಯವರಿಗೂ ಇದೇ ತಲೆನೋವು. ಅಲ್ಲಿ ಕೊನೆಗೆ ಬಂದು ಪಂದ್ಯ ಮುಗಿಸುವ ಪಿಚರ್‌ಗೆ ‘ಸೇವ್’ ಸಿಗ್ತದೆ. ಮರಿಯಾನೊ ರಿವೆರಾಗೆ ಅಂಥವು 652. ಆದರೆ ಏಳನೇ ಇನ್ನಿಂಗ್ಸಲ್ಲಿ, ಮೂರೂ ಬೇಸ್ ತುಂಬಿರುವಾಗ ಬಂದು ಬೆಂಕಿ ಆರಿಸಿ ಹೋದವನಿಗೆ ಸೇವ್ ಇಲ್ಲ, ಬೆಲೆಯೂ ಇಲ್ಲ. ಜಾಣರು ಅವನನ್ನೇ ಅಗ್ಗಕ್ಕೆ ಎತ್ತಿಡ್ತಾರೆ; ಮುಗಿಸುವವನಿಗೆ ಪೆಟ್ಟಾದರೆ ಆ ಜಾಗ ಇವನಿಗೇ. ಅದಕ್ಕೇ ನಾವೂ ಬೌಲರ್‌ಗಿಂತ ಮೊದಲು ತಂಡವನ್ನು ನೋಡೋದು: 18ನೇ ಓವರ್ ಯಾರದ್ದು, ಅವರಿಲ್ಲದಿದ್ರೆ ಕ್ಯಾಪ್ಟನ್ ಚೆಂಡು ಯಾರಿಗೆ ಕೊಡ್ತಾನೆ?

ಲೆಕ್ಕ ಕಷ್ಟದ್ದಲ್ಲ. ಕ್ರಿಕ್‌ಶೀಟ್‌ನಲ್ಲಿ ಪ್ರತಿ ಎಸೆತದ ಡೇಟಾ ಉಚಿತವಾಗಿ ಉಂಟು, ಪೈಥಾನ್ ಲ್ಯಾಬ್‌ನಲ್ಲಿ ಕಲಿತಷ್ಟು ಸಾಕು. ಓವರ್‌ಗೆ 9 ರನ್ ಅನ್ನೋದು ಮೂರನೇ ಓವರಿನಲ್ಲಿ ಒಂದು, ಹತ್ತೊಂಬತ್ತರಲ್ಲಿ ಇನ್ನೊಂದು. ಹಾಗಾಗಿ ಆಯಾ ಓವರಿನಲ್ಲಿ ಎಲ್ಲರೂ ಕೊಡುವ ಸರಾಸರಿಯಿಂದ ಇವನದ್ದನ್ನು ಕಳೀತೇವೆ. ವಿಕೆಟ್ ಕಾಲಂ ಕೊನೆಗೆ. 20ನೇ ಓವರಿನಲ್ಲಿ ಕುರುಡಾಗಿ ಬೀಸಿ ಲಾಂಗ್ ಆನ್‌ನಲ್ಲಿ ಕ್ಯಾಚ್ ಕೊಟ್ಟದ್ದರಲ್ಲಿ ಬೌಲರ್‌ನ ಪಾಲೆಷ್ಟು ಅಂತ ನಮ್ಮಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಒಂದು ತೊಡಕುಂಟು. ಪಂದ್ಯಕ್ಕೆ ಎರಡು ಡೆತ್ ಓವರ್ ಅಂದ್ರೂ 14 ಲೀಗ್ ಪಂದ್ಯಕ್ಕೆ ಬರೀ 168 ಎಸೆತ. ನಾಲ್ಕು ಸಿಕ್ಸ್ ಅತ್ತಿತ್ತ ಆದ್ರೆ ಲೆಕ್ಕವೇ ತಲೆಕೆಳಗು. ಅದಕ್ಕೆ ಎರಡು ಮೂರು ಸೀಸನ್ ಸೇರಿಸಿ ನೋಡ್ತೇವೆ, ಮಹಾರಾಜ ಟ್ರೋಫಿ ಪಂದ್ಯಗಳನ್ನು ಕಣ್ಣಾರೆ ನೋಡ್ತೇವೆ. ಯಾರ್ಕರ್ ತಪ್ಪಿ ಫುಲ್‌ಟಾಸ್ ಆದದ್ದು ಡೇಟಾದಲ್ಲಿ ಬರೀ ಒಂದು ರನ್ ಅಂತ ಇರಬಹುದು.

ಈ ಸಲ ನಿಯಮ ಬದಲಿಸಿದ್ದೇವೆ: 15ರಿಂದ 20ನೇ ಓವರ್‌ವರೆಗಿನ ಡಾಟ್ ಬಾಲ್‌ಗೆ ದುಪ್ಪಟ್ಟು ಪಾಯಿಂಟ್. ಶೀಟಿನಲ್ಲಿ ಮೂರು ಹೆಸರು ಹಳದಿ ಬಣ್ಣದಲ್ಲಿವೆ. ಯಾರ್ಯಾರು ಅಂತ ಇಲ್ಲಿ ಹೇಳೋದಿಲ್ಲ, ಈ ಪತ್ರಿಕೆಯನ್ನು ಎದುರು ರೂಮಿನವರೂ ಓದ್ತಾರೆ.