ಗೂಡಲೂರಿನಲ್ಲಿ ಆರು ಗಂಟೆ: ಇಳಿಯುವುದೋ, ಬೇಡವೋ?

ಯಾತ್ರೆಗೆ ಹೊರಟವರಿಗೆ ದೊಡ್ಡ ಕ್ಷೇತ್ರಗಳಲ್ಲಿ ಯಾವ ಯೋಚನೆಯೂ ಇರುವುದಿಲ್ಲ. ಬಸ್ಸು ನಿಂತ ಕೂಡಲೇ ಎಲ್ಲರೂ ಇಳಿಯುತ್ತಾರೆ, ದರ್ಶನ ಮಾಡಿ ಬರುತ್ತಾರೆ. ಯೋಚನೆ ಹತ್ತುವುದು ನಡುದಾರಿಯಲ್ಲಿ ಬಸ್ಸು ನಾಲ್ಕಾರು ಗಂಟೆ ನಿಂತಾಗ. ಇಳಿದು ಊರು ನೋಡುವುದೋ, ಕೋಣೆಯಲ್ಲಿ ಕಾಲು ಚಾಚಿ ಮಲಗುವುದೋ? ಸಣ್ಣ ವಿಷಯವಾದರೂ ಇದರಿಂದ ಮನೆಮಂದಿಯಲ್ಲಿ ಮಾತಿಗೆ ಮಾತು ಬೆಳೆಯುವುದುಂಟು. ನಮ್ಮ ಅನುಭವವನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

2024ರ ಫೆಬ್ರವರಿಯಲ್ಲಿ ಮೈಸೂರಿನಿಂದ ತೇಕ್ಕಡಿಗೆ ಹೊರಟ ಬಸ್ಸಿನಲ್ಲಿ ನಮ್ಮ ಕುಟುಂಬದ ಐವರಿದ್ದೆವು. ರಾತ್ರಿಯಿಡೀ ಓಡಿಸಿದ ಡ್ರೈವರಿಗೆ ನಿದ್ದೆ ಬೇಕೆಂದು ಬೆಳಿಗ್ಗೆ 9 ಗಂಟೆಗೆ ಬಸ್ಸನ್ನು ಗೂಡಲೂರಿನಲ್ಲಿ ನಿಲ್ಲಿಸಿದರು. ಇದು ನೀಲಗಿರಿಯ ಗೂಡಲೂರಲ್ಲ. ತೇನಿ ಜಿಲ್ಲೆಯ ಕಂಬಂ ಕಣಿವೆಯ ತುದಿಯಲ್ಲಿರುವ ಊರು. ಇಲ್ಲಿಂದ ಮುಂದೆ ಘಾಟಿ ಹತ್ತಿದರೆ ಕುಮಿಳಿ, ಅಲ್ಲಿಗೆ ಕೇರಳ. ರಸ್ತೆಯ ಎರಡೂ ಕಡೆ ದ್ರಾಕ್ಷಿಯ ಚಪ್ಪರ, ತೆಂಗು, ಭತ್ತದ ಗದ್ದೆ. ಬೆಟ್ಟದ ಆಚೆಗಿನ ಪೆರಿಯಾರ್ ನೀರನ್ನು ಸುರಂಗದ ಮೂಲಕ ಈಚೆಗೆ ತಂದ ಅಣೆಕಟ್ಟು 1895ರಲ್ಲಿ ಪೂರ್ಣಗೊಂಡಿತು. ಈ ಹಸಿರೆಲ್ಲ ಹೆಚ್ಚಾಗಿ ಆ ನೀರಿನದು.

ವ್ಯವಸ್ಥಾಪಕರು ಕಟ್ಟುನಿಟ್ಟಾಗಿ ಹೇಳಿದರು: "ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬಸ್ಸು ಹೊರಡುತ್ತದೆ. ಯಾರಿಗೂ ಕಾಯುವುದಿಲ್ಲ." ಅವರ ಮಾತು ನ್ಯಾಯವಾದದ್ದೇ. ಬಸ್ಸಿನಲ್ಲಿ ರಾತ್ರಿ ಭೋಜನ ತ್ಯಾಗದ ನಿಯಮವಿದ್ದ ಹಿರಿಯರು ಹಲವರಿದ್ದರು. ಸೂರ್ಯಾಸ್ತದೊಳಗೆ ಕುಮಿಳಿಯಲ್ಲಿ ಊಟವಾಗಬೇಕು. ಒಬ್ಬರು ತಡಮಾಡಿದರೆ ಹತ್ತು ಜನರು ಉಪವಾಸ.

ಉಳಿದವರು ಕೋಣೆ ಸೇರುವ ಯೋಚನೆಯಲ್ಲಿದ್ದಾಗ ನಮ್ಮ ಅಣ್ಣನವರು ಉತ್ತಮಪಾಳಯಂ ಹೆಸರೆತ್ತಿದರು. ಅಲ್ಲಿಯ ಬಂಡೆಯ ಮೇಲೆ ತೀರ್ಥಂಕರರ ಬಿಂಬಗಳಿವೆ ಎಂದು ಅವರು ಬಹಳ ಹಿಂದೆಯೇ ಓದಿದ್ದರು. ಊರು ಗೂಡಲೂರಿನಿಂದ ಹಿಂದಕ್ಕೆ ಸುಮಾರು 20 ಕಿ.ಮೀ. ಮುಂಜಾನೆ ನಾವೆಲ್ಲ ನಿದ್ದೆಯಲ್ಲಿದ್ದಾಗ ಬಸ್ಸು ಅದನ್ನು ದಾಟಿಯೇ ಬಂದಿತ್ತು. "ಶ್ರವಣಬೆಳಗೊಳದಲ್ಲಿ ಕಾಣದ ಬಂಡೆಯೇ? ಅದಕ್ಕೆ ಹಿಂದಕ್ಕೆ ಹೋಗುವುದೇ?" ಎಂದು ಸಹಯಾತ್ರಿಕರೊಬ್ಬರು ನಕ್ಕರು. ಅಣ್ಣನವರಿಗೆ ಆಗ 79 ವರ್ಷ. ಅವರು ಸಿಟ್ಟಾಗಲಿಲ್ಲ. "ನಿಮಗೆ ಮುಂದಿನ ಸಲ ಅಂತ ಒಂದಿದೆ, ನನಗೆ ಇದೇ ಸಲ" ಎಂದಷ್ಟೇ ಹೇಳಿದರು.

ಇಂಥ ಸಂದರ್ಭದ ಲೆಕ್ಕಾಚಾರವನ್ನು ನಾವು ಕೇಳಿ ತಿಳಿದದ್ದು ಮಗಳು ಅಳಿಯಂದಿರಿಂದ. ಅವರು ಅಮೆರಿಕದಿಂದ ಹಡಗಿನಲ್ಲಿ ಕ್ಯಾರಿಬಿಯನ್ ದ್ವೀಪಗಳಿಗೆ ಹೋಗಿ ಬಂದವರು. ಅಲ್ಲಿ ಹಡಗು ಬೆಳಿಗ್ಗೆ ಒಂದು ದ್ವೀಪಕ್ಕೆ ಬಂದು ಸಂಜೆ ಬಿಡುತ್ತದೆ. ಇಳಿಯಬಹುದು, ಹಡಗಿನಲ್ಲೇ ಇರಲೂಬಹುದು. ಹಡಗಿನವರೇ ಏರ್ಪಡಿಸಿದ ಸುತ್ತಾಟದಲ್ಲಿ ಹೋದವರು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ತಾವಾಗಿ ಹೋದವರಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ಆದುದರಿಂದ ತಿಳಿದವರು ಮರಳುವ ಹೊತ್ತನ್ನು ಮೊದಲು ಗೊತ್ತುಮಾಡಿ, ಉಳಿದ ಸಮಯದಲ್ಲಿ ಏನು ನೋಡಬಹುದೆಂದು ಆಮೇಲೆ ಯೋಚಿಸುತ್ತಾರಂತೆ. ಅಂಗಡಿಯಲ್ಲಿ ಮೊದಲು ಕೊಡಬೇಕಾದ ಬಾಕಿ ಬರೆದು ಆಮೇಲೆ ಲಾಭ ಎಣಿಸುವ ನಮ್ಮ ಕ್ರಮವೂ ಇದೇ.

ನಾವೂ ಹಾಗೆಯೇ ಕುಳಿತು ಲೆಕ್ಕ ಹಾಕಿದೆವು. ಮೂರಕ್ಕೆ ಬಸ್ಸು. ಎರಡೂವರೆಗೆ ಗೂಡಲೂರಿನಲ್ಲಿರಬೇಕು. ದಾರಿಗೆ ಮುಕ್ಕಾಲು ಗಂಟೆ ಸಾಕಾದರೂ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಅಂದರೆ ನೋಡಿದ್ದಾಗಲಿ ಬಿಡಲಿ, ಒಂದು ಗಂಟೆಗೆ ಬಂಡೆಯ ಬುಡದಿಂದ ಹೊರಡಲೇಬೇಕು. ಮಂಡಿನೋವಿನ ನಮ್ಮ ಮನೆಯವರು, "ನೀವು ಭಾವನವರ ಜೊತೆ ಹೋಗಿಬನ್ನಿ. ನಾನೂ ಅಕ್ಕನೂ ಇಲ್ಲೇ ಇರುತ್ತೇವೆ. ನಮಗಾಗಿ ನೀವು ಉಳಿಯುವುದು ಬೇಡ, ನಿಮಗಾಗಿ ನಾವು ನಡೆಯುವುದೂ ಬೇಡ" ಎಂದರು. ಈ ಒಂದು ಮಾತಿನಿಂದ ಎಲ್ಲರ ಮನಸ್ಸೂ ಹಗುರವಾಯಿತು.

ವಾಹನಕ್ಕಾಗಿ ನಾವು ಹುಡುಕಿದ್ದು ಕಿರಾಣಿ ಅಂಗಡಿಯನ್ನು. ಪರಸ್ಥಳದಲ್ಲಿ ವ್ಯಾಪಾರಿಗೆ ವ್ಯಾಪಾರಿಯೇ ದಿಕ್ಕು. ನಾವು ಹರಕು ಮುರುಕು ತಮಿಳಿನಲ್ಲಿ ಮಾತು ತೆಗೆದರೆ ಅಂಗಡಿಯ ಯಜಮಾನರು ಕನ್ನಡದಲ್ಲೇ ಉತ್ತರ ಕೊಟ್ಟರು! ಈ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ನೆಲೆಸಿದ್ದು, ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡಿದ್ದಾರೆ. ಕಂಬಂನಲ್ಲಿ ಅವರು ದೇವರ ದನಗಳ ಮಂದೆಯನ್ನು ಸಾಕುವ ಸಂಗತಿ 1906ರ ಮಧುರೆ ಗೆಜೆಟಿಯರಿನಲ್ಲಿಯೂ ಬಂದಿದೆ. ಯಜಮಾನರು ಪರಿಚಯದ ವ್ಯಾನಿನವನನ್ನು ಕರೆಸಿ, ಕಾಯುವುದೂ ಸೇರಿ ಬಾಡಿಗೆ ಮಾತಾಡಿ ಕೊಟ್ಟರು. ಒಂದು ಗಂಟೆಯ ಗಡುವನ್ನೂ ಅವನಿಗೆ ತಿಳಿಸಿದರು.

ಉತ್ತಮಪಾಳಯಂನಲ್ಲಿ ಅದನ್ನು ಕರುಪ್ಪಣಸ್ವಾಮಿ ಬಂಡೆ ಎಂದು ಕೇಳಬೇಕು. ಬಂಡೆಯ ಮುಖದಲ್ಲಿ ಸಾಲಾಗಿ ಜಿನಬಿಂಬಗಳು. ಹೆಡೆಯೆತ್ತಿದ ಸರ್ಪದ ಕೆಳಗೆ ನಿಂತ ಪಾರ್ಶ್ವನಾಥ ಸ್ವಾಮಿಯನ್ನು ಯಾರೂ ಹೇಳದೆಯೇ ಗುರುತಿಸಬಹುದು. ಬಿಂಬಗಳ ಬಳಿ ವಟ್ಟೆಳುತ್ತು ಎಂಬ ಹಳೆಯ ಲಿಪಿಯ ಬರಹಗಳಿವೆ. ಅವುಗಳಲ್ಲಿ ಅಚ್ಚಣಂದಿ ಎಂಬ ಮುನಿಗಳ ಹೆಸರಿದೆ ಎಂದು ವಿದ್ವಾಂಸರು ಓದಿದ್ದಾರೆ. ಮಧುರೆಯ ಬಳಿಯ ಆನೆಮಲೈ, ಅಳಗರ್‌ಮಲೈಗಳಲ್ಲಿಯೂ ಇವರ ಹೆಸರು ದೊರೆಯುತ್ತದೆ. ಸಮಣರ್‌ಮಲೈಯಲ್ಲಿ ಇವರ ತಾಯಿ ಗುಣಮತಿಯಾರ್ ಒಂದು ಬಿಂಬ ಮಾಡಿಸಿದ್ದಾರೆ. ಬೆಟ್ಟದಿಂದ ಬೆಟ್ಟಕ್ಕೆ ನಡೆದು ಬಿಂಬ ಮಾಡಿಸಿದ ಈ ಮುನಿಗಳ ಕಾಲ ಇಂದಿಗೆ ಸುಮಾರು ಸಾವಿರದ ನೂರು ವರ್ಷಗಳ ಹಿಂದಿನದು.

ನಾವು ಹೋದ ಹೊತ್ತಿನಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಣ್ಣನವರು ಚಪ್ಪಲಿ ಬಿಟ್ಟು, ಬಿಸಿ ನೆಲದ ಮೇಲೆ ನಿಂತು ಣಮೋಕಾರ ಹೇಳಿಕೊಂಡರು. ಒಂದು ಗಂಟೆಯಾದಾಗ "ಇನ್ನು ಹತ್ತು ನಿಮಿಷ" ಎಂದರು. ನಮಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊನೆಗೆ ಅವರೇ ಗಡಿಯಾರ ನೋಡಿ, "ಕೊಟ್ಟ ಮಾತು ಕೊಟ್ಟದ್ದೇ, ನಡಿ" ಎಂದು ತಿರುಗಿದರು. ಕಂಬಂ ಪೇಟೆಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಅರ್ಧ ಗಂಟೆ ಕಳೆಯಿತು. ಹೆಚ್ಚಿಗೆ ಇಟ್ಟುಕೊಂಡ ಸಮಯ ಆಗ ಕೈಹಿಡಿಯಿತು. ಬಸ್ಸಿನ ಬಳಿ ಬಂದಾಗ 2.35. ಹೆಂಗಸರು ಅವಲಕ್ಕಿ ಮೊಸರು ಕಲಸಿಟ್ಟು ಕಾದಿದ್ದರು. ಬೆಳಿಗ್ಗೆ ನಕ್ಕಿದ್ದವರೇ ಹತ್ತಿರ ಬಂದು, "ಏನೇನು ಕಂಡಿರಿ?" ಎಂದು ಕೇಳಿದರು. ಘಾಟಿ ಹತ್ತಿ ಮುಗಿಯುವವರೆಗೂ ಅಣ್ಣನವರೇ ಹೇಳಿದರು.

ಎಲ್ಲರೂ ಎಲ್ಲ ಕಡೆ ಇಳಿಯಲೇಬೇಕೆಂದು ನಾವು ಹೇಳುವುದಿಲ್ಲ. ದೇಹ ಬೇಡವೆಂದರೆ ಉಳಿಯುವುದೇ ಸರಿ. ಸಮಯ ಕಡಿಮೆಯಿದ್ದರೆ ಗೂಡಲೂರಿಗೆ ಹತ್ತಿರದ ಲೋಯರ್ ಕ್ಯಾಂಪಿನಲ್ಲಿ, ಆ ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರಿಗಾಗಿ 2013ರಲ್ಲಿ ತೆರೆದ ಸ್ಮಾರಕ ಮಂಟಪ ನೋಡಿದರೂ ಸಾಕು. ಆದರೆ ದಣಿವಿಗೆ, ನಾಲ್ಕು ಕಾಸಿಗೆ, ಇಲ್ಲವೆ ಅಕ್ಕಪಕ್ಕದವರ ನಗೆಗೆ ಅಂಜಿ ಉಳಿಯಬಾರದು.

ಈ ಕಡೆಗೆ ಹೊರಡುವ ಬಂಧುಗಳು ಇನ್ನೊಂದು ಹೆಸರನ್ನೂ ಬರೆದಿಟ್ಟುಕೊಳ್ಳಿ. ದಿಂಡಿಗಲ್ ಜಿಲ್ಲೆಯಲ್ಲಿ ಪಳನಿಯ ಹತ್ತಿರ ಐವರ್‌ಮಲೈ ಬೆಟ್ಟವಿದೆ. ಕ್ರಿ.ಶ. 870ರಲ್ಲಿ, ವರಗುಣ ಪಾಂಡ್ಯನ ಕಾಲದಲ್ಲಿ, ಶಾಂತಿವೀರ ಗುರುಗಳು ಅಲ್ಲಿಯ ಪಾರ್ಶ್ವನಾಥ ಸ್ವಾಮಿಯ ಮತ್ತು ಯಕ್ಷಿಯರ ಬಿಂಬಗಳನ್ನು ಜೀರ್ಣೋದ್ಧಾರ ಮಾಡಿಸಿ, 505 ಕಾಣಂ ಹೊನ್ನನ್ನು ಇಟ್ಟರೆಂದು ಶಾಸನ ಹೇಳುತ್ತದೆ. ಬಸ್ಸು ಗೊತ್ತುಮಾಡುವಾಗಲೇ ಅಲ್ಲಿ ಎರಡು ಗಂಟೆ ನಿಲ್ಲಿಸುವಂತೆ ಮಾತಾಡಿಕೊಂಡರೆ, ಇಳಿಯುವುದೋ ಬೇಡವೋ ಎಂಬ ಚರ್ಚೆಯನ್ನು ಮನೆಯಲ್ಲೇ ಮುಗಿಸಿ ಹೊರಡಬಹುದು.